ಬೇಡ ಎಂದವರು ಯಾರು

ಏಪ್ರಿಲ್ ೧೩, ಸೋಮವಾರ. ಬೆಳಿಗ್ಗೆ ೬.೨೦

ಪಂಪ್ ಹಾಕಿ ಬಂದೆ. ಟ್ಯಾಂಕ್ ತುಂಬಲು ಐವತ್ತು ನಿಮಿಷ. ಅಷ್ಟರೊಳಗೆ ನಿನ್ನೆಯ ಅಸೋಸಿಯೇಶನ್ ಸಭೆಯ ನಡಾವಳಿ ಬರೆದು ಮುಗಿಸಬೇಕು. ಮನೆ ಹದಿನಾರು, ಬಂದವರು ಒಂಬತ್ತು, ಬಾಯಿ ಬಿಟ್ಟವರು ನಾಲ್ಕು. ವಿಷಯ ೧: ಪಾರ್ಕಿಂಗ್. ವಿಷಯ ೨: ಮೀನಿನ ಕಸವನ್ನು ಒಣಕಸದ ಬಕೆಟಿಗೆ ಹಾಕುವವರು. ಯಾರೆಂದು ಎಲ್ಲರಿಗೂ ಗೊತ್ತು, ಹೆಸರು ಎತ್ತಿದವರಿಲ್ಲ. ‘ಸದಸ್ಯರು ಸಹಕರಿಸಬೇಕಾಗಿ ವಿನಂತಿ’ ಎಂದು ಬರೆದೆ. ಈ ಕಟ್ಟಡದ ಕಾರ್ಯದರ್ಶಿಯಾಗಿ ಹದಿಮೂರು ವರ್ಷದಿಂದ ಅದೇ ವಾಕ್ಯ. ಸಹಕರಿಸಿದವರನ್ನು ಇನ್ನೂ ಕಂಡಿಲ್ಲ.

ತಮ್ಮನ ಮಗಳು ಅನುಷ್ಕಾ ಬಂದಿದ್ದಾಳೆ. ಎಂ.ಎ. ಸಮಾಜಶಾಸ್ತ್ರ, ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್ ಮುಗಿಯುವವರೆಗೆ ನಮ್ಮಲ್ಲೇ ಇರುತ್ತಾಳಂತೆ. ನಿನ್ನೆ ಸಭೆಯಲ್ಲಿ ಹಿಂದೆ ಕುಳಿತು ಏನೇನೋ ಗೀಚುತ್ತಿದ್ದಳು. ಯಾರು ಯಾರ ಮುಖ ನೋಡಿ ಮಾತು ಶುರು ಮಾಡಿದರು ಎಂದು ಲೆಕ್ಕ ಇಟ್ಟಿದ್ದಾಳೆ!

“ದೊಡ್ಡಪ್ಪ, ಈ ಕಟ್ಟಡದಲ್ಲಿ ಅಧಿಕಾರ ಯಾರ ಕೈಯಲ್ಲಿ ಉಂಟು?”

“ಅಧಿಕಾರ ಎಲ್ಲಿಂದ? ಇಲ್ಲಿ ಇರುವುದು ಮೇಂಟೆನೆನ್ಸ್ ಮಾತ್ರ.”

ನಗಲಿಲ್ಲ. ಬರೆದುಕೊಂಡಳು.

(ನಾವು ಆಡುವುದು ತುಳು. ಬರೆಯುವಾಗ ಕನ್ನಡವಾಗುತ್ತದೆ. ಮೂವತ್ತೈದು ವರ್ಷದ ಸರ್ಕಾರಿ ಗುಮಾಸ್ತಿಕೆಯ ಚಾಳಿ, ರಿಟೈರ್ ಆದರೂ ಬಿಟ್ಟಿಲ್ಲ.)

ಏಪ್ರಿಲ್ ೧೪, ಮಂಗಳವಾರ. ಮಧ್ಯಾಹ್ನ

ಊಟದ ಹೊತ್ತಿಗೂ ಅದೇ ಮಾತು. ಅಧ್ಯಕ್ಷ ಮುಖೇಶನ ಕೈಯಲ್ಲಿ ಅಧಿಕಾರ ಎಂದೆ. ಜಿಮ್ ಇಟ್ಟ ಹುಡುಗ, ಸ್ವರ ದೊಡ್ಡದು. ಅನುಷ್ಕಾ ತಲೆ ಆಡಿಸಿದಳು.

“ಸಭೆಯಲ್ಲಿ ಯಾರು ಗೆದ್ರು ಅಂತ ನೋಡಿದ್ರೆ ಅರ್ಧ ಮಾತ್ರ ಸಿಗ್ತದೆ ದೊಡ್ಡಪ್ಪ. ಯಾವ ವಿಷಯ ಸಭೆಗೇ ಬರುದಿಲ್ಲ, ಅದನ್ನು ನೋಡ್ಬೇಕು.”

“ಬಾರದ್ದನ್ನು ನೋಡುವುದು ಹೇಗೆ ಮಾರಾಯ್ತಿ?”

“ಅದೇ ಕಷ್ಟ,” ಎಂದಳು. ಬಂಗುಡೆ ತಲೆ ಚೀಪುತ್ತಾ.

ಹುಚ್ಚು ಹುಡುಗಿ. ಆದರೂ ಮಾತು ತಲೆಯಲ್ಲಿ ಕೂತಿತು. ಮಧ್ಯಾಹ್ನದ ನಿದ್ದೆ ಹೋಯಿತು.

ಏಪ್ರಿಲ್ ೧೭, ಶುಕ್ರವಾರ. ಸಂಜೆ ೫

ಮೂರನೇ ಮಹಡಿಯ ಉರ್ಸುಲಾ ಬಾಯಿ ಎರಡನೇ ಮಹಡಿಯ ನಮ್ಮ ಮನೆಗೆ ಇಳಿದು ಬಂದಿದ್ದರು. ಎಪ್ಪತ್ತೊಂದು ವರ್ಷ, ಎರಡೂ ಮೊಣಕಾಲು ಹೋಗಿವೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಕಂಬಿ ಹಿಡಿದು ಅಡ್ಡಡ್ಡ ಇಳಿಯುತ್ತಾರೆ, ಏಡಿಯ ಹಾಗೆ. ಹೋದ ಮಳೆಗಾಲದಲ್ಲಿ ಒದ್ದೆ ಮೆಟ್ಟಿಲಲ್ಲಿ ಎರಡು ಸಲ ಜಾರಿದ್ದಾರೆ. ಮಗಳು ಮೆಲಿಸಾ ನೀರುಮಾರ್ಗದಲ್ಲಿ ತನ್ನ ಮನೆಯ ಕೆಳಗೇ ಕೋಣೆ ರೆಡಿ ಮಾಡಿ ಇಟ್ಟಿದ್ದಾಳೆ. ಈ ಫ್ಲ್ಯಾಟ್ ಕೊಟ್ಟು ಮಳೆಗೆ ಮೊದಲು ಹೋಗಬೇಕು ಎನ್ನುವುದು ಆಸೆ.

ತೆಗೆದುಕೊಳ್ಳುವವರು ಸಿಕ್ಕಿ ಎರಡು ತಿಂಗಳಾಯಿತು. ಶಫೀಕ್ ಎಂದು, ತೊಕ್ಕೊಟ್ಟಿನವರು. ಪಡೀಲಿನಲ್ಲಿ ಟೈಲ್ಸ್ ಅಂಗಡಿ. ಹೆಂಡತಿ ಹಸ್ನಾಗೆ ಇಲ್ಲೇ ಕುಲಶೇಖರದಲ್ಲಿ ಲ್ಯಾಬ್ ಕೆಲಸ. ದಿನಾ ಸೇತುವೆಯ ಟ್ರಾಫಿಕ್ ಬ್ಲಾಕ್ ದಾಟಿ ಬರುವುದು ಸಾಕಾಗಿದೆಯಂತೆ. ಎರಡು ಮಕ್ಕಳು, ಜೂನ್‌ಗೆ ಶಾಲೆ. ಬೈಲಾ ಪ್ರಕಾರ ಅಸೋಸಿಯೇಶನ್ನಿನ ಎನ್‌ಒಸಿ ಬೇಕು. ಅರ್ಜಿ ಫೆಬ್ರವರಿಯಿಂದ ನನ್ನ ಹತ್ತಿರ ಇದೆ.

“ನನ್ನ ಕಾಗದ ಎಂತ ಆಯ್ತು ಮಾಯಿಲಪ್ಪಣ್ಣ?”

“ಆಗ್ತದೆ ಬಾಯಿ. ಸ್ವಲ್ಪ... ಕೆಲವರಿಗೆ ಆಕ್ಷೇಪ ಉಂಟು.”

“ಯಾರಿಗೆ?”

ಹೇಳಲು ಬಾಯಿ ತೆರೆದೆ. ಒಂದು ಹೆಸರೂ ಬರಲಿಲ್ಲ. ಆಕ್ಷೇಪ ಇದೆ ಎಂದು ಗೊತ್ತು, ಹಗಲು ಸೂರ್ಯ ಇದ್ದಾನೆ ಎಂಬಷ್ಟು ಚೆನ್ನಾಗಿ ಗೊತ್ತು. ಈ ಕಟ್ಟಡದಲ್ಲಿ ಹಿಂದೂಗಳಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ, ಬ್ಯಾರಿಗಳು, ಅಂದರೆ ನಮ್ಮ ಕಡೆಯ ಮುಸ್ಲಿಮರು, ಇದುವರೆಗೆ ಬಂದಿಲ್ಲ. ಆದರೆ ಬೇಡ ಎಂದವರು ಯಾರು?

ಬಾಯಿ ಹೋದ ಮೇಲೆ ಅನುಷ್ಕಾ ಒಳಗಿಂದ ಬಂದಳು. ಕಣ್ಣು ಹೊಳೆಯುತ್ತಿತ್ತು.

“ಮೊನ್ನೆ ಸಭೆಯಲ್ಲಿ ಇದು ಬರ್ಲೇ ಇಲ್ಲ ಅಲ್ವಾ ದೊಡ್ಡಪ್ಪ?”

“ಆಕ್ಷೇಪ ಇರುವಾಗ ಸಭೆಗೆ ತಂದರೆ ಜಗಳ. ಮೊದಲು ಹೊರಗೆ ಸರಿ ಮಾಡ್ಕೊಂಡು...”

“ಯಾರ ಆಕ್ಷೇಪ?”

ಒಳ್ಳೆ ಪಜೀತಿ. ಕಂಡುಹಿಡಿಯುವ, ಎಂದೆ. ನಿಜವಾಗಿಯೂ ಕುತೂಹಲ ಹುಟ್ಟಿತು.

ಏಪ್ರಿಲ್ ೧೯, ಭಾನುವಾರ. ೧೧.೩೦

ಮುಖೇಶನ ಮನೆಗೆ ಹೋಗಿದ್ದೆ. ಪ್ರೋಟೀನ್ ಪುಡಿ ಕಲಸುತ್ತಿದ್ದ. ಶಫೀಕನ ವಿಷಯ ಎಂದೆ. ಬಾಗಿಲು ಸ್ವಲ್ಪ ಮುಚ್ಚಿದ.

“ನನಗೆ ಎಂತದೂ ಇಲ್ಲ ಅಣ್ಣ. ನನ್ನ ಜಿಮ್ಮಿಗೆ ಬರುವವರಲ್ಲಿ ಅರ್ಧ ಬ್ಯಾರಿಗಳೇ. ಆದ್ರೆ ಕೆಳಗಿನ ಶೈಲೇಶ್ ಉಂಟಲ್ಲ... ಅವ ಬಿಡ್ಲಿಕ್ಕಿಲ್ಲ.”

ಶೈಲೇಶ್! ಹೌದು, ನಾನೂ ಹಾಗೇ ಅಂದುಕೊಂಡಿದ್ದೆ. ಬೈಕಿಗೆ ಬಾವುಟ, ಫೋನಿನಲ್ಲಿ ದಿನಕ್ಕೊಂದು ಉಗ್ರ ಸ್ಟೇಟಸ್. ಬಾಣ ಹಾಕಿದೆ: ಮುಖೇಶ್‌ನಿಂದ ಶೈಲೇಶ್‌ಗೆ. ಬಾಣ ಹಾಕಲು ಅನುಷ್ಕಾ ದೊಡ್ಡ ಹಾಳೆ ಕೊಟ್ಟಿದ್ದಾಳೆ.

ಏಪ್ರಿಲ್ ೨೦, ಸೋಮವಾರ

ಶೈಲೇಶ್ ಮೀನಿನ ದೋಣಿ ನಿಲ್ಲುವ ಧಕ್ಕೆಗೆ ಐಸ್ ಸಪ್ಲೈ ಮಾಡುವವನು. ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿ ಹಿಡಿದೆ.

“ನನಗೆಂತ ಮಾರಾಯ್ರೆ? ನನ್ನ ಪಾರ್ಟ್ನರ್ ಉಮರಬ್ಬ. ಹನ್ನೆರಡು ವರ್ಷ ಆಯ್ತು, ಒಂದು ಮಾತು ಬರ್ಲಿಲ್ಲ.”

“ಮತ್ತೆ ಸ್ಟೇಟಸ್?”

“ಅದು ಸ್ಟೇಟಸ್. ಇದು ಮನೆ.” ಕಿಕ್ ಹೊಡೆದ, ಬೈಕ್ ಸ್ಟಾರ್ಟ್ ಆಗಲಿಲ್ಲ. “ಒಂದನೇ ಮಹಡಿ ಟೀಚರಮ್ಮನನ್ನು ಕೇಳಿ. ಅವರಿಗೆ ಕಷ್ಟ ಆದೀತು.”

ಬೇಡ ಎನ್ನುತ್ತಾನೆ ಎಂದು ನೂರಕ್ಕೆ ನೂರು ನಂಬಿದವನೇ ಬೇಡ ಎನ್ನಲಿಲ್ಲ. ನನ್ನ ಅಂದಾಜು ಇಷ್ಟು ತಪ್ಪುವುದುಂಟೇ? ಬೇಸರವಾಗಲಿಲ್ಲ, ಖುಷಿಯೇ ಆಯಿತು. ಪದಬಂಧ ಬಿಡಿಸುವಾಗ ಆಗುವಂಥ ಖುಷಿ.

ಏಪ್ರಿಲ್ ೨೩, ಗುರುವಾರ. ಸಂಜೆ

ಟೀಚರಮ್ಮ: “ನನ್ನ ಕ್ಲಾಸಿನಲ್ಲಿ ಎಲ್ಲ ಮಕ್ಕಳೂ ಒಂದೇ. ನನಗೆ ಏನಿಲ್ಲ. ಭಟ್ರಿಗೆ ಅಡುಗೆ ವಾಸನೆ ಆಗ್ಲಿಕ್ಕಿಲ್ಲವೋ ಏನೋ.”

ಭಟ್ಟರು: “ಹದಿನೈದು ಮನೆಯವರು ಮೀನು ಕಾಯಿಸುವ ಕಟ್ಟಡದಲ್ಲಿ ಇಷ್ಟು ವರ್ಷ ಬದುಕಿದ್ದೇನೆ ಮಾಯಿಲಪ್ಪನವರೇ. ಹದಿನೈದನೆಯವರು ಬದಲಾದ್ರೆ ನನಗೆ ಗೊತ್ತೂ ಆಗ್ಲಿಕ್ಕಿಲ್ಲ.”

ಹೊಟ್ಟೆ ತುಂಬ ನಗು ಬಂತು. ಅವರು ನಗಲಿಲ್ಲ. ಮತ್ತೆ ಯಾರಿಗೆ ಆಕ್ಷೇಪ ಎಂದು ಕೇಳಿದರೆ ನನ್ನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ, ಸಂಧ್ಯಾವಂದನೆಗೆ ಹೊತ್ತಾಯಿತು ಎಂದರು. ಗಂಟೆ ಇನ್ನೂ ನಾಲ್ಕೂವರೆ.

ಏಪ್ರಿಲ್ ೨೯, ಬುಧವಾರ

ಹದಿಮೂರು ಮನೆ ಮುಗಿಯಿತು. ಹಾಳೆಯ ತುಂಬ ಬಾಣ. ಎಲ್ಲರ ಬಾಯಲ್ಲೂ ಒಂದೇ ಮಾತು: ನನಗೇನಿಲ್ಲ, ಆದರೆ ಅವರಿಗೆ. ಆ ‘ಅವರ’ ಮನೆಗೆ ಹೋದರೆ ಅವರೂ ಬೆರಳು ಇನ್ನೊಂದು ಕಡೆ ತೋರಿಸುತ್ತಾರೆ. ಆಕ್ಷೇಪ ಇಡೀ ಕಟ್ಟಡ ಸುತ್ತುತ್ತಿದೆ, ಯಾವ ಮನೆಯಲ್ಲೂ ವಾಸವಿಲ್ಲ.

ಅನುಷ್ಕಾ ಕುಣಿಯುವುದೊಂದು ಬಾಕಿ. “ದೊಡ್ಡಪ್ಪ, ಇದು ಬಂಗಾರ! ಯಾರಿಗೂ ಬೇಡ ಅಂತ ಇಲ್ಲ. ಆದ್ರೂ ಹದಿಮೂರು ವರ್ಷದಿಂದ ಒಬ್ರೂ ಒಳಗೆ ಬರ್ಲಿಲ್ಲ. ಹಾಗಾದ್ರೆ ತಡೆದದ್ದು ಎಂತದು?”

ಕೊನೆಗೆ ನಾಲ್ಕು ಬಾಣಗಳು ಮಾತ್ರ ಗಾಳಿಯಲ್ಲಿ ನಿಂತಿವೆ. ನಾಲ್ಕು ಜನ, ಭಟ್ಟರೂ ಸೇರಿ, ಯಾರ ಹೆಸರನ್ನೂ ಹೇಳಲಿಲ್ಲ. ಸುಮ್ಮನೆ ನನ್ನನ್ನು ನೋಡಿದರು. ಅವರಿಗೆ ಹೆಸರು ಹೇಳಲು ಹೆದರಿಕೆ ಇರಬೇಕು. ಹಾಗಾದರೆ ಆ ಮನುಷ್ಯ ಸಾಮಾನ್ಯನಲ್ಲ.

ಮೇ ೩, ಭಾನುವಾರ. ಮಧ್ಯಾಹ್ನ ೩

ಬಿಪಿ ೧೬೦.

ಬೆಳಿಗ್ಗೆ ಉರ್ಸುಲಾ ಬಾಯಿ ಚರ್ಚಿನಲ್ಲಿ ಪೂಜೆ ಮುಗಿಸಿ ಬರುತ್ತಿದ್ದರು. ಮೆಟ್ಟಿಲಲ್ಲಿ ಕೈಚೀಲ ಹಿಡಿಯಲು ಹೋದೆ. ಕೊಡಲಿಲ್ಲ. “ಬೇಡ ಮಾಯಿಲಪ್ಪಣ್ಣ. ಇಷ್ಟು ಮಾಡಿದ್ದು ಸಾಕು,” ಎಂದರು. ಕಣ್ಣಲ್ಲಿ ನೀರು.

ಹೆಂಡತಿಯನ್ನು ಕೇಳಿದೆ. ಹೇಮಾಕ್ಷಿ ತೆಂಗಿನಕಾಯಿ ತುರಿಯುವುದು ನಿಲ್ಲಿಸಲಿಲ್ಲ.

“ನೀವು ಮನೆ ಮನೆಗೆ ಹೋಗಿ, ಆಕ್ಷೇಪ ಕೊಡಿ ಅಂತ ಒತ್ತಾಯ ಮಾಡ್ತಿದ್ದೀರಿ ಅಂತ ಇಡೀ ಕಟ್ಟಡದಲ್ಲಿ ಮಾತುಂಟು.”

“ನಾನಾ?”

“ಮತ್ತೆ? ಹದಿಮೂರು ಮನೆಯ ಬಾಗಿಲು ತಟ್ಟಿ, ‘ನಿಮಗೆ ಆಕ್ಷೇಪ ಉಂಟಾ, ಉಂಟಾ’ ಅಂತ ಕೇಳಿದ್ರೆ ಜನ ಎಂತ ತಿಳ್ಕೊಳ್ಬೇಕು? ಪಾಪ, ಬಾಯಿ ಎರಡು ದಿನ ಊಟ ಮಾಡ್ಲಿಲ್ಲವಂತೆ.”

ಅನುಷ್ಕಾಳ ಮೇಲೆ ರೇಗಿದೆ. ನಿನ್ನ ಪ್ರಾಜೆಕ್ಟಿನಿಂದ ನನ್ನ ಮರ್ಯಾದೆ ಹೋಯಿತು ಎಂದೆ. ಅವಳ ಮುಖ ಸಣ್ಣದಾಯಿತು. “ಕೇಳುವುದೂ ಒಂದು ಕೆಲಸ ಮಾಡ್ತದೆ ಅಂತ ಪಾಠದಲ್ಲಿ ಇತ್ತು ದೊಡ್ಡಪ್ಪ. ನನಗೆ ನೆನಪಾಗ್ಲಿಲ್ಲ. ಸಾರಿ,” ಎಂದಳು. ರೇಗಬಾರದಿತ್ತು.

ಆದರೆ ಒಂದು ಪ್ರಶ್ನೆ. ಮುಖೇಶ್ ಹೋಗಿ ಕೇಳಿದ್ದರೆ ಜನ ಹೀಗೆ ತಿಳಿಯುತ್ತಿದ್ದರೇ? ನಾನು ಕೇಳಿದರೆ ಮಾತ್ರ ಒತ್ತಾಯ ಯಾಕಾಯಿತು?

ಮೇ ೪, ಸೋಮವಾರ. ೧೦.೧೫

ಭಟ್ಟರ ಮನೆಗೆ ಹೋದೆ. ನೇರ ಕೇಳಿದೆ. ಆ ದಿನ ಯಾಕೆ ನನ್ನ ಮುಖ ನೋಡಿದಿರಿ?

ಬಹಳ ಸಂಕೋಚಪಟ್ಟರು. ಹೆಂಡತಿಯನ್ನು ಒಳಗೆ ಕಳಿಸಿದರು.

“ಅಲ್ಲ ಮಾಯಿಲಪ್ಪನವರೇ, ನಿಮಗೆ ಆಗುದಿಲ್ಲ ಅಂತ ನಾವೆಲ್ಲ ಮೊದಲಿಂದ ತಿಳ್ಕೊಂಡದ್ದು. ಆ ಕಬೀರ್ ಬಂದಿದ್ರಲ್ಲ, ಬ್ಯಾಂಕಿನವರು. ನೀವು ಕೊಡ್ಲಿಲ್ಲ. ಮತ್ತೆ ಆ ನರ್ಸ್. ನೀವೇ ಬೇಡ ಅಂದ ಮೇಲೆ ನಾವು ಯಾಕೆ ನಡುವೆ ಬರುದು ಅಂತ...”

“ನಾನು ಬೇಡ ಅನ್ನಲೇ ಇಲ್ಲ!”

“ಅನ್ಲಿಲ್ಲ. ಹೌದು.” ಶಾಲು ಸರಿಮಾಡಿಕೊಂಡರು. “ಬೇಕು ಅಂತಲೂ ಅನ್ಲಿಲ್ಲ.”

ಮೇ ೪. ಸಂಜೆ ೪

ಕಪಾಟಿನ ಕೆಳಗಿನ ಖಾನೆ ತೆಗೆದೆ. ಇದೆ. ಕಬೀರ್, ಹನ್ನೊಂದು ವರ್ಷದ ಹಿಂದಿನ ಅರ್ಜಿ. ಮೂಲೆಯಲ್ಲಿ ನನ್ನದೇ ಗುಂಡು ಅಕ್ಷರ: ‘ಮುಂದಿನ ಸಭೆಗೆ’. ನಜ್ಲಾ ಎಂಬ ನರ್ಸ್, ಏಳು ವರ್ಷದ ಹಿಂದೆ. ‘ಮುಂದಿನ ಸಭೆಗೆ’. ಶಫೀಕ್, ಈ ಫೆಬ್ರವರಿ. ‘ಮುಂದಿನ ಸಭೆಗೆ’.

ನಡಾವಳಿ ಪುಸ್ತಕ ಪೂರ್ತಿ ತಿರುವಿದೆ. ಮುಂದಿನ ಸಭೆ ಬಂದಿದೆ, ಅದರ ಮುಂದಿನದ್ದೂ ಬಂದಿದೆ. ಪಾರ್ಕಿಂಗ್ ಬಂದಿದೆ, ಪಾರಿವಾಳದ ಹಿಕ್ಕೆ ಬಂದಿದೆ. ಇವರ ಹೆಸರು ಒಂದು ಪುಟದಲ್ಲೂ ಇಲ್ಲ. ವಿಷಯ ಪಟ್ಟಿ ಮಾಡುವವನು ನಾನು. ನಾನು ಹಾಕಲಿಲ್ಲ, ಅದು ಬರಲಿಲ್ಲ, ಅಷ್ಟೇ.

ಆಫೀಸಿನಲ್ಲಿ ಮೊದಲ ವರ್ಷವೇ ಸೂಪರಿಂಟೆಂಡೆಂಟ್ ಕಲಿಸಿದ್ದರು. ಇಲ್ಲ ಎಂದು ಬರೆದರೆ ಅಪೀಲು ಬರುತ್ತದೆ. ಬರೆಯಲೇಬೇಡ, ಮೇಲೆ ಕಳಿಸಲೇಬೇಡ. ಬೇಕಾದವನು ನಾಲ್ಕು ಸಲ ಬರುತ್ತಾನೆ, ಐದನೇ ಸಲ ಬರುವುದಿಲ್ಲ. ಆ ವಿದ್ಯೆಯಲ್ಲಿ ನಾನು ಪಳಗಿದವನು. ಕೈಗೆ ಎಷ್ಟು ಅಭ್ಯಾಸವಾಗಿದೆ ಎಂದರೆ ಮನೆಗೆ ತಂದದ್ದು ಗೊತ್ತೇ ಆಗಲಿಲ್ಲ.

ಕುಂಬಳಕಾಯಿ ಕಳ್ಳನನ್ನು ಹುಡುಕುತ್ತಾ ಮನೆ ಮನೆ ತಿರುಗಿದೆ. ನನ್ನ ಹೆಗಲು ಮಾತ್ರ ಮುಟ್ಟಿ ನೋಡಿಕೊಳ್ಳಲಿಲ್ಲ.

ಮೇ ೧೩, ಬುಧವಾರ. ಬೆಳಿಗ್ಗೆ

ಒಂಬತ್ತು ದಿನ ಬರೆಯಲಿಲ್ಲ. ಪಂಪ್ ಹಾಕಿದೆ, ಆಫ್ ಮಾಡಿದೆ.

ಗೊತ್ತೇ ಆಗಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ಪೂರ್ತಿ ಸತ್ಯ ಅಲ್ಲ. ಯಾರೂ ಓದುವ ಪುಸ್ತಕವಲ್ಲ ಇದು, ಇಲ್ಲಿಯೂ ಸುಳ್ಳು ಬರೆದರೆ ಹೇಗೆ? ಕಬೀರ್ ಐದನೇ ಸಲ ಬಾರದಿದ್ದಾಗ ನನಗೆ ಹಗುರವಾಗಿತ್ತು. ಆ ದಿನ ಮಾರ್ಕೆಟಿನಿಂದ ಒಳ್ಳೆಯ ಅಂಜಲ್ ಮೀನು ತಂದದ್ದೂ ನೆನಪಿದೆ. ಕಬೀರ್ ನನಗೆ ಏನೂ ಮಾಡಿರಲಿಲ್ಲ. ಮೃದುವಾಗಿ ಮಾತಾಡುವ ಮನುಷ್ಯ. ನೆಂಟರು ಬಂದಾಗ ‘ನಿಮ್ಮ ಕಟ್ಟಡದಲ್ಲಿ ಅವರೂ ಇದ್ದಾರಾ’ ಎಂದು ಕೇಳುತ್ತಾರಲ್ಲ, ಅದಕ್ಕೆ ಉತ್ತರ ಕೊಡುವ ಕಷ್ಟ ತಪ್ಪಿತು ಎನಿಸಿತ್ತು. ಅಷ್ಟು ಸಣ್ಣ ಕಾರಣ. ನಾಚಿಕೆಯಾಗುತ್ತದೆ.

ನನಗೆ ಕೆಲಸ ಸಿಕ್ಕಿ ಊರಿನಿಂದ ಬಂದ ವರ್ಷ ಬೋಳಾರದಲ್ಲಿ ಬಾಡಿಗೆ ಮನೆ ನೋಡಿದ್ದೆ. ಧಣಿ ಜಗಲಿಯಲ್ಲೇ ನಿಲ್ಲಿಸಿ ‘ಎಂತ ಜನ?’ ಎಂದು ಜಾತಿ ಕೇಳಿದ್ದರು. ಹೇಳಿದೆ. ‘ಬರುವ ವಾರ ಹೇಳ್ತೇನೆ’ ಎಂದರು. ನಾಲ್ಕು ವಾರ ಹೋಗಿದ್ದೆ. ಐದನೇ ವಾರ ಹೋಗಲಿಲ್ಲ.

ಹೇಮಾಕ್ಷಿಗೆ ಎಲ್ಲ ಹೇಳಿದೆ. “ನನಗೆ ಗೊತ್ತಿತ್ತು,” ಎಂದಳು. ಯಾಕೆ ಹೇಳಲಿಲ್ಲ ಎಂದೆ. “ನೀವು ಎಲ್ಲರ ಮನೆಗೆ ಹೋಗಿ ಕೇಳಿದ್ರಿ. ನನ್ನನ್ನು ಕೇಳ್ಲಿಲ್ಲ.”

ಮೇ ೧೭, ಭಾನುವಾರ. ೧೨.೪೫

ವಿಶೇಷ ಸಭೆ ಕರೆದಿದ್ದೆ. ವಿಷಯ ೧: ಉರ್ಸುಲಾ ಬಾಯಿಯವರ ಫ್ಲ್ಯಾಟ್, ಶಫೀಕ್ ಅವರಿಗೆ ಎನ್‌ಒಸಿ. ವಿಷಯ ೨ ಇಲ್ಲ. ಹದಿನಾಲ್ಕು ಮನೆಯವರು ಬಂದರು. ಇಷ್ಟು ಜನ ಯಾವತ್ತೂ ಬಂದಿರಲಿಲ್ಲ. ಬಾಯಿಯನ್ನು ಶೈಲೇಶ್ ಕುರ್ಚಿಯಲ್ಲೇ ಕೂರಿಸಿ, ಇನ್ನೊಬ್ಬರ ಜೊತೆ ಸೇರಿ ಎತ್ತಿಕೊಂಡು ಇಳಿಸಿದ.

ನಾನು ನಿಂತು ಹೇಳಿದೆ: ಆಕ್ಷೇಪ ಇರುವವರು ಹೇಳಿ. ಹೆಸರು, ಮನೆ ನಂಬರ್ ಸಮೇತ ನಡಾವಳಿಯಲ್ಲಿ ಬರೆಯುತ್ತೇನೆ. ಪೆನ್ನು ತೆರೆದು ಹಿಡಿದೆ.

ಟೀಚರಮ್ಮ ಕೆಮ್ಮಿದರು. “ಆಕ್ಷೇಪ ಅಂತಲ್ಲ... ಇವರಿಗೆ ಕೊಟ್ರೆ ನಾಳೆ ಇನ್ನೊಬ್ರು, ಮತ್ತೊಬ್ರು. ಒಂದು ಲಿಮಿಟ್ ಬೇಡ್ವಾ?”

ಬರೆಯಲು ಶುರು ಮಾಡಿದೆ. ಟೀಚರಮ್ಮ ಎದ್ದು ಬಂದು ಪುಸ್ತಕದ ಮೇಲೆ ಕೈ ಇಟ್ಟರು. “ಅಯ್ಯೋ, ಹೆಸರು ಬರೀಬೇಡಿ. ನಾನು ಸುಮ್ಮನೆ ಹೇಳಿದ್ದು.”

“ಸುಮ್ಮನೆ ಹೇಳಿದ್ದಾದರೆ ಬರೆಯುವುದಿಲ್ಲ,” ಎಂದೆ.

ಹನ್ನೆರಡು ನಿಮಿಷದಲ್ಲಿ ಮುಗಿಯಿತು. ‘ಸರ್ವಾನುಮತದಿಂದ ಒಪ್ಪಲಾಯಿತು’. ಮೂರು ತಿಂಗಳು, ಅಲ್ಲ, ಹನ್ನೊಂದು ವರ್ಷದ ಕೆಲಸ, ಹನ್ನೆರಡು ನಿಮಿಷ. ಬಾಯಿ ನನ್ನ ಕೈ ಹಿಡಿದುಕೊಂಡು ‘ದೇವ್ ಬರೆಂ ಕರುಂ’ ಎಂದರು, ಕೊಂಕಣಿಯಲ್ಲಿ ದೇವರು ಒಳ್ಳೆಯದು ಮಾಡಲಿ ಎಂದು. ಮುಖೇಶ್ ಚಪ್ಪಾಳೆ ತಟ್ಟಿದ. ಮಾಯಿಲಪ್ಪಣ್ಣನೇ ಮುಂದೆ ನಿಂತು ಮಾಡಿಸಿದರು ಎಂದು ಎಲ್ಲರ ಹೊಗಳಿಕೆ.

ಖಾನೆಯಲ್ಲಿದ್ದ ಅರ್ಜಿಗಳ ವಿಷಯ ಸಭೆಯಲ್ಲಿ ಹೇಳಬೇಕೆಂದು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಅಂಗಿಯ ಕಿಸೆಯಲ್ಲೇ ಇತ್ತು. ಚಪ್ಪಾಳೆ ಬಿದ್ದ ಮೇಲೆ ತೆಗೆಯಲು ಮನಸ್ಸಾಗಲಿಲ್ಲ. ಅನುಷ್ಕಾ ನೋಡುತ್ತಿದ್ದಳು. ಬರೆದುಕೊಳ್ಳಲಿಲ್ಲ.

ಮೇ ೧೯, ಮಂಗಳವಾರ. ಸಂಜೆ ೬

ಎನ್‌ಒಸಿ ತೆಗೆದುಕೊಳ್ಳಲು ಶಫೀಕ್ ಬಂದಿದ್ದರು. ಮೂವತ್ತೆಂಟು ಇರಬಹುದು. ಉಗುರಿನಲ್ಲಿ ಬಿಳಿ ಸಿಮೆಂಟು. ಕುರ್ಚಿಯ ತುದಿಯಲ್ಲಿ ಕುಳಿತರು. ಹೇಮಾಕ್ಷಿ ಚಹಾ, ಬಿಸ್ಕೂಟು ಇಟ್ಟಳು. ಪತ್ರ ಎರಡು ಸಲ ಓದಿದರು. ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿದರು.

“ಥ್ಯಾಂಕ್ಸ್ ಅಂಕಲ್. ನೀವು ತುಂಬ ಓಡಾಡಿದ್ರಿ ಅಂತ ಬಾಯಿ ಹೇಳಿದ್ರು.”

ಚಹಾ ಕುಡಿಯಿರಿ ಎಂದೆ.

“ಒಂದು ಕೇಳ್ಬಹುದಾ? ತಪ್ಪು ತಿಳೀಬೇಡಿ. ಇಷ್ಟು ದಿನ ಬೇಡ ಅಂದದ್ದು ಯಾರು?”

ಬಿಸ್ಕೂಟಿನ ತಟ್ಟೆಯನ್ನು ಅವರ ಕಡೆ ಸರಿಸಿದೆ.

“ಜಗಳಕ್ಕಲ್ಲ ಅಂಕಲ್. ಮಕ್ಕಳು ಸಣ್ಣವರು. ದೊಡ್ಡವಳಿಗೆ ಎಂಟು, ಸಣ್ಣವನಿಗೆ ಐದು. ಹೊಸ ಕಟ್ಟಡ, ಮೆಟ್ಟಿಲಲ್ಲಿ ಓಡ್ತಾರೆ, ಸಿಕ್ಕಿದ ಬೆಲ್ ಒತ್ತುತ್ತಾರೆ. ಯಾವ ಮನೆ ಅಂತ ಗೊತ್ತಿದ್ರೆ, ಆ ಬಾಗಿಲಿಗೆ ಮಾತ್ರ ಹೋಗ್ಬೇಡಿ ಅಂತ ಮೊದಲೇ ಹೇಳಿಡ್ಬಹುದು. ಹಸ್ನಾ ಕೇಳ್ಲಿಕ್ಕೆ ಹೇಳಿದ್ಳು.”

ಯಾರೂ ಇಲ್ಲ ಎನ್ನಬಹುದಿತ್ತು. ನಡಾವಳಿ ಪುಸ್ತಕವೂ ಅದನ್ನೇ ಹೇಳುತ್ತದೆ, ಸರ್ವಾನುಮತ ಎಂದು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅನುಷ್ಕಾಳ ಕೋಣೆಯಲ್ಲಿ ಟೈಪ್ ಮಾಡುವ ಸದ್ದೂ ನಿಂತಿತ್ತು.

“ಎರಡನೇ ಮಹಡಿ,” ಎಂದೆ. “ಎಡಗಡೆ ಬಾಗಿಲು.”

ಶಫೀಕ್ ಮನಸ್ಸಿನಲ್ಲೇ ಮೆಟ್ಟಿಲು ಹತ್ತುವವರ ಹಾಗೆ ಬೆರಳಿನಲ್ಲಿ ಮಹಡಿ ಎಣಿಸಿದರು. ಆಮೇಲೆ ಕುಳಿತಲ್ಲಿಂದಲೇ ತಿರುಗಿ, ತಾವು ಈಗಷ್ಟೇ ಚಪ್ಪಲಿ ಬಿಟ್ಟು ಬಂದ ಬಾಗಿಲನ್ನು ನೋಡಿದರು. ಚಹಾ ಲೋಟ ಕೈಯಲ್ಲೇ ಇತ್ತು.